ಲ್ಯಾಬ್ ಚರ್ಮ ಬರ್ಲಿ ಮೇಷ್ಟ್ರೇ, ಅಲ್ಲೀತನಕ?

ಶಿವಮೊಗ್ಗದ ರಿಟೈರ್ಡ್ ಬಯಾಲಜಿ ಮೇಷ್ಟ್ರೊಬ್ಬರ ಪತ್ರ: "ಲ್ಯಾಬಲ್ಲೇ ಚರ್ಮ ಬೆಳೆಸೋ ಕಾಲ ಬಂದಾಗಿದೆ. ನೀವಿನ್ನೂ ಸತ್ತವರ ಚರ್ಮ ದಾನ ಮಾಡಿ ಅಂತ ಲೇಖನ ಹಾಕ್ತಾ ಕೂತಿದೀರಲ್ಲ?"

ಮೇಷ್ಟ್ರೇ, ಇನ್‌ಲ್ಯಾಂಡ್ ಲೆಟರಲ್ಲಿ ನೀಟಾಗಿ ಬೈಯೋರು ಈಗ ನೀವೊಬ್ರೇ ಉಳಿದಿರೋದು, ಅದಕ್ಕೇ ಉದ್ದದ ಉತ್ತರ. ಲ್ಯಾಬ್ ಚರ್ಮ ದೊಡ್ಡ ಸಾಧನೆ, ಒಪ್ದೆ. 1975ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಹೊವಾರ್ಡ್ ಗ್ರೀನ್ ಮತ್ತು ರೈನ್‌ವಾಲ್ಡ್ ಇಲಿ ಕೋಶಗಳ ಹಾಸಿನ ಮೇಲೆ ಮನುಷ್ಯರ ಚರ್ಮದ ಕೋಶ ಬೆಳೆಸಿ ತೋರಿಸಿದ್ರು. 1983ರಲ್ಲಿ ಅಲ್ಲಿನ ವಯೋಮಿಂಗ್ ರಾಜ್ಯದ ಇಬ್ರು ಪುಟ್ಟ ಅಣ್ಣತಮ್ಮಂದಿರಿಗೆ ಮೈ 95 ಪರ್ಸೆಂಟ್‌ಗಿಂತ ಜಾಸ್ತಿ ಸುಟ್ಟಿತ್ತು, ಬಾಸ್ಟನ್‌ನಲ್ಲಿ ಅವರ ಕಂಕುಳಿಂದ ಚೂರೇಚೂರು ಚರ್ಮ ತೆಗೆದು ಹಾಳೆ ಹಾಳೆಯಾಗಿ ಬೆಳೆಸಿ ಅರ್ಧ ಮೈಗೆ ಹೊದಿಸಿದ್ರು, ಹುಡುಗ್ರು ಬದುಕ್ಕೊಂಡ್ರು.

ಇನ್ನರ್ಧ ಕಥೆ ಯಾರೂ ಹೇಳಲ್ಲ ನೋಡಿ. ಆ ಹಾಳೆ ಬೆಳೆಯೋಕೆ ಮೂರು ವಾರದಷ್ಟು ಬೇಕು. ಅಷ್ಟು ದಿನ ಮೈ ಬಿಟ್ಕೊಂಡು ಮಲಗೋಕಾಗುತ್ತಾ, ನೀರು ಸೋರುತ್ತೆ, ಇನ್ಫೆಕ್ಷನ್ ನುಗ್ಗುತ್ತೆ. ಅಲ್ಲೀತನಕ ಆ ಮಕ್ಕಳ ಗಾಯ ಮುಚ್ಚಿದ್ದು ಯಾರೋ ಸತ್ತವರ ಚರ್ಮಾನೇ! ಬೆಳೆಸಿದ್ದೂ ಬರೀ ಮೇಲ್ಪದರ, ಬೆವರಿನ ಗ್ರಂಥಿ ಇಲ್ಲ, ಕೂದಲ ಬೇರಿಲ್ಲ, ಸ್ವಲ್ಪ ಉಜ್ಜಿದ್ರೆ ಗುಳ್ಳೆ. ಕೆಳಪದರಕ್ಕೆ ಅಂತ ಅಮೆರಿಕದ ವಿಜ್ಞಾನಿ ಯಾನಸ್ ಮತ್ತು ಸರ್ಜನ್ ಬರ್ಕ್ ದನದ ಕೊಲಾಜನ್ (ಚರ್ಮಕ್ಕೆ ಗಟ್ಟಿತನ ಕೊಡೋ ಪ್ರೋಟೀನ್) ಜೊತೆ ಶಾರ್ಕ್ ಮೃದ್ವಸ್ಥಿಯ ಅಂಶ ಸೇರಿಸಿ ಜಾಲರಿ ಮಾಡಿದ್ರು. ನಮ್ಮ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಹಂದಿ ಪಿತ್ತಕೋಶದಿಂದ ಗಾಯಕ್ಕೆ ಹಚ್ಚೋ ಪೊರೆ ಮಾಡಿದಾರೆ. ಭೇಷ್, ಮಾಡ್ಲಿ.

ಆದ್ರೆ ಇವತ್ತು ರಾತ್ರಿ ಗ್ಯಾಸ್ ಲೀಕಾಗಿ ಸುಟ್ಕೊಂಡು ಬರೋ ಹೆಂಗಸಿಗೆ ಇವತ್ತೇ ಚರ್ಮ ಬೇಕು. ಅದಕ್ಕೇ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಸ್ಕಿನ್ ಬ್ಯಾಂಕ್, ಅಂದ್ರೆ ದಾನದ ಚರ್ಮ ಕಾದಿಡೋ ಜಾಗ, ಶುರುವಾಗಿದ್ದು. ತೀರ್ಕೊಂಡು 6 ಗಂಟೆ ಒಳಗೆ ಫೋನ್ ಮಾಡಿದ್ರೆ ಅವರೇ ಬರ್ತಾರೆ, ತೊಡೆ, ಕಾಲು, ಬೆನ್ನಿಂದ ಈರುಳ್ಳಿ ಸಿಪ್ಪೆಯಷ್ಟು ತೆಳು ಪದರ ತೆಗೀತಾರೆ, ಬ್ಯಾಂಡೇಜ್ ಸುತ್ತಿ ಕೊಡ್ತಾರೆ. ಬ್ಲಡ್ ಗ್ರೂಪ್ ಮ್ಯಾಚ್ ಆಗ್ಬೇಕು ಅಂತಿಲ್ಲ. ಗ್ಲಿಸರಾಲ್‌ನಲ್ಲಿಟ್ರೆ ವರ್ಷಗಟ್ಟಲೆ ಇರುತ್ತೆ. ಕೆಲವು ವಾರಕ್ಕೆ ಪೇಶೆಂಟ್ ಮೈ ಅದನ್ನ ಬೇಡ ಅಂತ ತಳ್ಳುತ್ತೆ ನಿಜ, ಆದ್ರೆ ಜೀವ ಉಳಿಯೋದು ಆ ಕೆಲವು ವಾರದಲ್ಲೇ.

ನಮ್ಮ ನೆಂಟರ ಮನೇಲಿ ಒಂದು ಸಾವಾದಾಗ ನಾನು ಈ ಮಾತು ತೆಗ್ದೆ. ಹಿರಿಯರೊಬ್ರು "ಏನಯ್ಯಾ, ನಮ್ಮಣ್ಣನ ಚರ್ಮ ಸುಲಿಸ್ತೀಯಾ" ಅಂತ ಎದ್ದೇ ಹೋದ್ರು. ಅದೇ ಮನೆಯವರು ಕಣ್ಣು ಕೊಟ್ರು, ಖುಷಿಯಾಗೇ ಕೊಟ್ರು! ಯಾಕೆ ಹೇಳಿ, ರಾಜ್‌ಕುಮಾರ್ ಕೊಟ್ಟಿದ್ರು, 2021ರಲ್ಲಿ ಪುನೀತ್ ಕೊಟ್ರು, ಆಮೇಲೆ ಊರೂರಲ್ಲಿ ನೇತ್ರದಾನಕ್ಕೆ ಹೆಸರು ಬರೆಸಿದ್ರು ಜನ. ಚರ್ಮಕ್ಕೆ ಅಂಥ ಸ್ಟಾರ್ ಸಿಕ್ಕಿಲ್ಲ. ಟೀವಿಯವರಿಗೆ ಸುಟ್ಟ ಸುದ್ದಿ ಬೇಕು, ಸ್ಕಿನ್ ಬ್ಯಾಂಕ್ ನಂಬರ್ ಸ್ಕ್ರೀನ್ ಮೇಲೆ ಹಾಕಿ ಅಂದ್ರೆ ಜಾಗ ಇಲ್ವಂತೆ. ಸುಟ್ಟ ತಕ್ಷಣ 20 ನಿಮಿಷ ನಲ್ಲಿ ನೀರಿಗೆ ಹಿಡೀರಿ ಅನ್ನೋದೂ ಹೇಳಲ್ಲ, ಜನ ಟೂತ್‌ಪೇಸ್ಟ್, ಇಂಕು ಬಳ್ಕೊಂಡು ಬರ್ತಾರೆ.

ನೀವು ಅಷ್ಟು ವರ್ಷ ಮಕ್ಕಳಿಗೆ ಚರ್ಮದ ಪದರದ ಚಿತ್ರ ಬರೆಸಿದೋರು. ಅವರದ್ದೊಂದು ವಾಟ್ಸಾಪ್ ಗ್ರೂಪ್ ಇದ್ದೇ ಇರುತ್ತೆ, ಸ್ಕಿನ್ ಬ್ಯಾಂಕ್ ನಂಬರ್ ಅಲ್ಲಿಗೆ ಹಾಕಿ. ಬೈಯೋದಿದ್ರೆ ಮುಂದಿನ ತಿಂಗಳು ಇನ್ನೊಂದು ಲೆಟರ್ ಬರೀರಿ.

– ಸಂ.