ಬೀಳುತ್ತಿದ್ದರೂ ಬೀಳದ ನಿಲ್ದಾಣ

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲ ಅಂದರೆ ಅದು ಭೂಮಿಯನ್ನೇ ಯಾಕೆ ಸುತ್ತುತ್ತೆ ಅಂತ ಎಂಟು ವರ್ಷದ ಮಗಳು ಕೇಳುತ್ತಾಳೆ. ಏನು ಹೇಳಲಿ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಮಗಳ ಅನುಮಾನವೇ ಸರಿ. ಸುಮಾರು 400 ಕಿ.ಮೀ. ಎತ್ತರದ ಆ ನಿಲ್ದಾಣದಲ್ಲೂ ನೆಲದ ಮೇಲಿನ ಗುರುತ್ವದ ಶೇ. 90ರ ಆಸುಪಾಸು ಇದ್ದೇ ಇದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೇ ಬೀಳುತ್ತಿರುವುದರಿಂದ ತೇಲಿದಂತೆ ಕಾಣುತ್ತಾರೆ. ಸೆಕೆಂಡಿಗೆ 7.7 ಕಿ.ಮೀ. ಮುಂದಕ್ಕೂ ಓಡುವುದರಿಂದ, ಅದು ಬಿದ್ದಷ್ಟೇ ದುಂಡಗಿನ ಭೂಮಿಯ ನೆಲವೂ ಕೆಳಕ್ಕೆ ಬಾಗುತ್ತಾ ಹೋಗಿ, ನೆಲ ಸಿಗುವುದಿಲ್ಲ.

ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿ. ಪ್ಲಾಸ್ಟಿಕ್ ಬಾಟಲಿಯ ಪಕ್ಕದಲ್ಲಿ, ತಳದ ಹತ್ತಿರ, ನೀವೇ ಕಾಯಿಸಿದ ಮೊಳೆಯಿಂದ 3 ಮಿ.ಮೀ. ತೂತು ಮಾಡಿ, ಬೆರಳು ಒತ್ತಿ ನೀರು ತುಂಬಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ. ಹಾಗೇ 2 ಮೀಟರ್ ಎತ್ತರದಿಂದ ಕೈಬಿಡಿ: ನಿಲ್ದಾಣದಲ್ಲಿರುವಂತೆಯೇ ಬಾಟಲಿಯೂ ನೀರೂ ಒಟ್ಟಿಗೇ ಬೀಳುವುದರಿಂದ, ಬೀಳುವಷ್ಟು ಹೊತ್ತೂ ನೀರು ಚಿಮ್ಮುವುದು ನಿಂತಿರುತ್ತದೆ. ಅದು ಬರೀ 0.6 ಸೆಕೆಂಡು, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಮುಚ್ಚಳ ಮಾತ್ರ ಹಾಕಬೇಡಿ. ಗಾಳಿ ಒಳಹೋಗದೆ ಕೈಯಲ್ಲಿದ್ದಾಗಲೇ ನೀರು ನಿಂತು, ಮಗು ತಪ್ಪು ತಿಳಿದೀತು.