ಮಂಗೋಲಿಯಾದ ಗೋಬಿ ಮರುಭೂಮಿಯ ಯೋಲಿನ್ ಆಮ್ ಕಮರಿಯಲ್ಲಿ ಬೇಸಿಗೆಯಲ್ಲೂ ಮಂಜುಗಡ್ಡೆ ಇರುತ್ತದಂತೆ, ಹೇಗೆ? ಜುಲೈನಲ್ಲಿ ಹೋದರೆ ಕಾಣಸಿಗುತ್ತದೆಯೇ?

ಜುಲೈ ಮೊದಲ ವಾರದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಆಗಸ್ಟ್ ಕೊನೆಗೆ ಹೋದರೆ ನಂಬಿಕೆಯಿಲ್ಲ. ಹಿಂದೆ ವರ್ಷವಿಡೀ ಉಳಿಯುತ್ತಿದ್ದದ್ದು ಈಗ ಸೆಪ್ಟೆಂಬರ್ ಹೊತ್ತಿಗೆ ಕರಗಿಹೋಗುತ್ತದೆ.

ಇದು ಆಕಾಶದಿಂದ ಬಿದ್ದ ಹಿಮವಲ್ಲ. ಹತ್ತಿರದ ದಲಾನ್‌ಜದ್‌ಗದ್ ಊರಿನಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 130 ಮಿ.ಮೀ. ಅಷ್ಟೇ. ಕಮರಿಯಲ್ಲಿ ಮೀಟರುಗಟ್ಟಲೆ ದಪ್ಪ ಬೆಳೆಯುವುದು ಒರತೆಯ ನೀರಿನಿಂದ. ನೆಲದಡಿಯಿಂದ ಬರುವ ನೀರು ಚಳಿಗಾಲದಲ್ಲೂ ನಿಲ್ಲುವುದಿಲ್ಲ. ಮೇಲ್ಪದರ ಹೆಪ್ಪುಗಟ್ಟಿ ದಾರಿ ಕಟ್ಟಿದಾಗ ಒತ್ತಡಕ್ಕೆ ಬಿರುಕಿನಿಂದ ಉಕ್ಕಿ, ಹಳೆಯ ಗಡ್ಡೆಯ ಮೇಲೆ ಹರಡಿ, ಅಲ್ಲೇ ಗಟ್ಟಿಯಾಗುತ್ತದೆ. ದೋಸೆಯ ಮೇಲೆ ದೋಸೆ ಪೇರಿಸಿದ ಹಾಗೆ.

ನೆರಳಿನ ಪಾತ್ರವನ್ನು ಅಂದಾಜು ಲೆಕ್ಕದಲ್ಲಿ ನೋಡಿ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು. ಅಂದರೆ ಒಂದು ಚದರ ಮೀಟರಿನಲ್ಲಿ 1 ಸೆಂ.ಮೀ. ಪದರಕ್ಕೆ ಸುಮಾರು 3 ಮೆಗಾಜೂಲ್. ಜೂನ್ ತಿಂಗಳ ಬಯಲು ಬಿಸಿಲಿನಲ್ಲಿ, ಧೂಳು ಹಿಡಿದ ಗಡ್ಡೆ ದಿನಕ್ಕೆ 17 ಮೆಗಾಜೂಲ್ ಹೀರಿದರೂ 5–6 ಸೆಂ.ಮೀ. ಕರಗುತ್ತದೆ, 3 ಮೀಟರ್ ದಪ್ಪ ಎರಡು ತಿಂಗಳೂ ಬಾಳದು. ಎರಡೂ ಕಡೆಯ ಬಂಡೆಗೋಡೆ ನೇರ ಬಿಸಿಲನ್ನು ನಡುಹಗಲಿನ ಎರಡು ತಾಸಿಗಷ್ಟೇ ಇಳಿಸಿದರೆ ಕರಗುವುದು 2 ಸೆಂ.ಮೀ. ಮಾತ್ರ, ಅದೇ ಗಡ್ಡೆ ಐದು ತಿಂಗಳು ನಿಲ್ಲುತ್ತದೆ. ಎತ್ತರ 2,000 ಮೀಟರ್ ದಾಟಿರುವುದರಿಂದ ರಾತ್ರಿಗಳು ತಣ್ಣಗಿರುತ್ತವೆ. ಭಾರವಾದ ತಂಪುಗಾಳಿ ಇಕ್ಕಟ್ಟಿನ ತಳದಲ್ಲೇ ಮಡುಗಟ್ಟುತ್ತದೆ.

ಗುರ್ವನ್ ಸೈಖಾನ್ ರಾಷ್ಟ್ರೀಯ ಉದ್ಯಾನದ ಗೇಟಿನ ಬಳಿ ಚಿಕ್ಕ ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಮುಂದೆ ವಾಹನ ನಿಲ್ಲುವ ಜಾಗದವರೆಗೆ ಹೋಗಿ, ತೊರೆಯ ಪಕ್ಕದಲ್ಲೇ ನಡೆಯಬೇಕು. ಬೇಕಿದ್ದರೆ ಬಾಡಿಗೆ ಕುದುರೆ ಸಿಗುತ್ತದೆ. ಕಮರಿ ತೀರಾ ಕಿರಿದಾಗುವ ಕಡೆಯೇ ಗಡ್ಡೆ ಕೊನೆತನಕ ಉಳಿಯುವುದು, ಮೊದಲ ತಿರುವಿನಲ್ಲಿ ಕಾಣಲಿಲ್ಲವೆಂದು ವಾಪಸಾಗಬೇಡಿ. ಹೊರಗೆ ಸೆಕೆಯಿದ್ದರೂ ಗಾಳಿ ತಡೆಯುವ ಜಾಕೆಟ್ ಇರಲಿ. ತೊರೆಯನ್ನು ಹಲವು ಸಲ ದಾಟಬೇಕಾಗುವುದರಿಂದ ಒದ್ದೆಯಾದರೂ ಜಾರದ ಶೂ ಬೇಕು.

ಒಂದನ್ನು ಮಾತ್ರ ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಹರಿಯುವ ನೀರು ಗಡ್ಡೆಯ ಅಡಿಯನ್ನು ಕೊರೆದು ಸುರಂಗ ಮಾಡುತ್ತದೆ. ಮೇಲಿನಿಂದ ಗಟ್ಟಿಯಾಗಿ ಕಂಡರೂ ಚಾವಣಿ ತೆಳುವಾಗಿರುತ್ತದೆ, ಅಂಚು ತಟ್ಟನೆ ಕುಸಿಯುತ್ತದೆ. ಫೋಟೋಗಾಗಿ ಸುರಂಗದೊಳಗೆ ನುಗ್ಗಬೇಡಿ, ಒಳಗೆ ನೀರಿನ ಸದ್ದು ಕೇಳಿಸುವ ಕಡೆ ಮೇಲೆ ಕಾಲಿಡಬೇಡಿ. ಬೆಟ್ಟದ ಮೇಲೆ ಮೋಡ ಕಟ್ಟಿದ್ದರೆ ಕಿರಿದಾದ ಭಾಗಕ್ಕೆ ಹೋಗುವುದೇ ಬೇಡ: ಅಲ್ಲಿಯ ಮಳೆಯಲ್ಲಿ ಹೆಚ್ಚಿನ ಪಾಲು ಜುಲೈ–ಆಗಸ್ಟಿನಲ್ಲೇ ಬೀಳುತ್ತದೆ, ಇಳಿಜಾರು ಬಂಡೆಯ ನೀರೆಲ್ಲ ಇದೇ ತೊರೆಗೆ ಬರುತ್ತದೆ.