ಟ್ಯಾಂಕನ್ನ ಒಂದೇ ಸಾಲಲ್ಲಿ ಮುಗಿಸಿಬಿಟ್ರಲ್ಲ

ನಮಸ್ಕಾರ. ಬಾಹ್ಯಾಕಾಶದಿಂದ ಬರೋ ಅತಿ ಶಕ್ತಿಯ ಕಣಗಳನ್ನ, ಅಂದ್ರೆ ಕಾಸ್ಮಿಕ್ ಕಿರಣಗಳನ್ನ, ಪತ್ತೆ ಹಚ್ಚೋ ಆರ್ಜೆಂಟೀನಾದ ಪಿಯರ್ ಓಜೆ ಅಬ್ಸರ್ವೇಟರಿ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ, ಈಗಿರೋ ಹಾಗೆ ಹಾಕೋಕಾಗಲ್ಲ. ಭಾಷೆ ಚೆನ್ನಾಗಿದೆ, ಆದ್ರೆ ಮೊದಲೆರಡು ಪುಟ ಪೂರ್ತಿ "ಅನಂತ ವಿಶ್ವ", "ನಿಗೂಢ ಶಕ್ತಿ" ಅಂತಲೇ ಹೋಗಿದೆ, ಕಣ ಹೇಗೆ ಸಿಕ್ಕಿತು ಅಂತ ಹುಡುಕಿ ಹುಡುಕಿ ಸಾಕಾಯ್ತು.

"ಕಾಸ್ಮಿಕ್ ಕಿರಣ ಟ್ಯಾಂಕಿಗೆ ಬಡಿಯುತ್ತೆ" ಅಂದಿದ್ದೀರಿ. ಬಡಿಯಲ್ಲ ರೀ. ಅದು ಮೇಲೆ ಗಾಳಿಯಲ್ಲೇ ಯಾವ್ದೋ ನ್ಯೂಕ್ಲಿಯಸ್ಸಿಗೆ ಗುದ್ದಿ ಚೂರಾಗುತ್ತೆ, ಆ ಚೂರು ಇನ್ನೊಂದಕ್ಕೆ ಗುದ್ದಿ, ಹಿಂಗೇ ಬೆಳ್ಕೊಂಡು ಕೋಟಿಗಟ್ಟಲೆ ಕಣಗಳ ಮಳೆಯಾಗಿ ಕಿಲೋಮೀಟರುಗಟ್ಟಲೆ ಅಗಲಕ್ಕೆ ನೆಲಕ್ಕೆ ಸುರಿಯುತ್ತೆ. ಕೈಗೆ ಸಿಗೋದು ಆ ಮಳೆ ಮಾತ್ರ.

ಇನ್ನು ಟ್ಯಾಂಕು. "1,600 ನೀರಿನ ಟ್ಯಾಂಕ್‌ಗಳಿವೆ" ಅಂತ ಒಂದೇ ಸಾಲು! ಕಥೆ ಇರೋದೇ ಅಲ್ಲಿ. ಒಳಗೆ 12 ಸಾವಿರ ಲೀಟರ್ ಶುದ್ಧ ನೀರು, ಕಗ್ಗತ್ತಲು, ನೀರಲ್ಲಿ ಬೆಳಕು ನಿಧಾನ ಆಗುತ್ತೆ, ಮಳೆಯ ಕಣ ಅದನ್ನ ಹಿಂದೆ ಹಾಕಿ ನುಗ್ಗುತ್ತೆ, ಆಗ ನೀಲಿ ಮಿನುಗು, ಸಣ್ಣ ಬೆಳಕನ್ನೂ ವಿದ್ಯುತ್ ಸಂಕೇತ ಮಾಡೋ ಮೂರು ದೊಡ್ಡ ಫೋಟೋಮಲ್ಟಿಪ್ಲೈಯರ್ ಟ್ಯೂಬ್ ಅದನ್ನ ಹಿಡಿಯುತ್ವೆ. ಆದ್ರೆ ಯಾವಾಗ್ಲೂ ಮೇಲಿಂದ ಬೀಳ್ತಾ ಇರೋ ಮ್ಯೂಆನ್ ಅನ್ನೋ ಸಾಮಾನ್ಯ ಕಣಗಳಿಂದ್ಲೇ ಪ್ರತಿ ಟ್ಯಾಂಕು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಮಿನುಗ್ತಾ ಇರುತ್ತೆ, ಹಾಗಿದ್ರೆ ದೊಡ್ಡ ಮಳೆ ಬಂತು ಅಂತ ಗೊತ್ತಾಗೋದು ಹೇಗೆ? 1.5 ಕಿಮೀ ಆಚೆಯ ಅಕ್ಕಪಕ್ಕದ ಟ್ಯಾಂಕುಗಳೂ ಜೊತೆಗೇ ಮಿನುಗಬೇಕು. ಯಾವ್ದು ಮೊದಲು, ಯಾವ್ದು ಎಷ್ಟು ಮೈಕ್ರೋಸೆಕೆಂಡ್ ಆಮೇಲೆ ಅಂತ ಜಿಪಿಎಸ್ ಗಡಿಯಾರದಲ್ಲಿ ನೋಡಿ ದಿಕ್ಕು ಲೆಕ್ಕ ಹಾಕ್ತಾರೆ. ಇದನ್ನ ಬರೀರಿ. 10ರ ಘಾತ 20 ಎಲೆಕ್ಟ್ರಾನ್‌ವೋಲ್ಟ್ (ಕಣದ ಶಕ್ತಿ ಅಳೆಯೋ ಮಾನ) ದಾಟಿದ ಕಣ ಒಂದು ಚದರ ಕಿಮೀಗೆ ನೂರು ವರ್ಷಕ್ಕೊಂದು ಬಿದ್ರೆ ಹೆಚ್ಚು, ಇದನ್ನೂ ಸೇರಿಸಿ, ಆಗ ಟ್ಯಾಂಕುಗಳನ್ನ ಹರಡೋಕೆ 3,000 ಚದರ ಕಿಮೀ ಯಾಕೆ ಬೇಕಾಯ್ತು ಅಂತ ಓದೋರಿಗೇ ಹೊಳೆಯುತ್ತೆ.

1991ರಲ್ಲಿ ಅಮೆರಿಕದ ಯೂಟಾದಲ್ಲಿ ಸಿಕ್ಕ ಕಾಸ್ಮಿಕ್ ಕಿರಣದ ಕಣಕ್ಕೆ "ಅಣುಬಾಂಬಿನಷ್ಟು ಶಕ್ತಿ" ಅನ್ನೋದನ್ನ ತೆಗೀರಿ, ಅದು ಸುಮಾರು 50 ಜೂಲ್, ಗಂಟೆಗೆ 90 ಕಿಮೀ ವೇಗದ ಕ್ರಿಕೆಟ್ ಬಾಲಿನಷ್ಟು. ಅಷ್ಟೂ ಒಂದೇ ಕಣದಲ್ಲಿತ್ತು, ಅದು ಸಾಲದಾ? ಮತ್ತೆ 2021ರಲ್ಲಿ ಸಿಕ್ಕ, ಅಮತೆರಾಸು ಅಂತ ಹೆಸರಿಟ್ಟ ಇನ್ನೊಂದು ಭಾರೀ ಶಕ್ತಿಯ ಕಣದ "ಮೂಲ ಗ್ಯಾಲಕ್ಸಿ ಪತ್ತೆ" ಅಂತ ಬೇರೆ ಬರ್ದಿದ್ದೀರಿ. ಅದು ಬಂದ ದಿಕ್ಕಲ್ಲಿ ಇರೋದು ಹೆಚ್ಚುಕಮ್ಮಿ ಗ್ಯಾಲಕ್ಸಿಗಳೇ ಇಲ್ಲದ ಖಾಲಿ ಜಾಗ, ವಿಜ್ಞಾನಿಗಳು ತಲೆ ಕೆರ್ಕೊಂಡಿದ್ದೇ ಅದಕ್ಕೆ.

ಆ ಮಳೆಯಿಂದ ಗಾಳಿಯಲ್ಲಿ ಹುಟ್ಟೋ ಮಂದ ಬೆಳಕನ್ನ ನೋಡೋ ಫ್ಲೋರೆಸೆನ್ಸ್ ಟೆಲಿಸ್ಕೋಪಿಗೆ ಚಂದ್ರ ಇಲ್ಲದ ರಾತ್ರಿ ಕಾಯೋ ಪ್ಯಾರಾ ಮಾತ್ರ ಮುಟ್ಬೇಡಿ, ಅದು ಸೂಪರ್ ಆಗಿದೆ. ಉಳಿದಿದ್ದನ್ನ ಟ್ಯಾಂಕಿಂದಲೇ ಶುರು ಮಾಡಿ ತಿದ್ದಿ ಕಳ್ಸಿ, ಮತ್ತೆ ಓದ್ತೀನಿ.